ಅರ್ಧ ತೂಕದ ಗುಂಡು

ಅವರ ಎರಡೂ ಕಿವಿಗಳು ಒಣಗಿದ ಅಂಜೂರದ ಹಾಗೆ ಮುರುಟಿ ತಲೆಗೆ ಅಂಟಿಕೊಂಡಿದ್ದವು. ವರ್ಷಗಟ್ಟಲೆ ಎದುರಾಳಿಯ ತಲೆಗೆ ತಲೆ ಒತ್ತಿ ಕುಸ್ತಿ ಆಡಿದವರ ಕಿವಿ ಹಾಗೇ ಆಗುತ್ತದೆ. ಅಂಥ ಕಿವಿಯ ಮೇಲೆ ಕನ್ನಡಕದ ಕಡ್ಡಿ ನಿಲ್ಲುವುದಿಲ್ಲ. ಅದಕ್ಕೇ ಅವರು ಗಾಳಿಪಟದ ದಾರದಿಂದ ಕನ್ನಡಕವನ್ನು ತಲೆಯ ಹಿಂದೆ ಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದರು. ಪೇಪರ್ ಓದಿ ಮುಗಿಸಿ ಆ ಗಂಟು ಬಿಚ್ಚಲು ಒದ್ದಾಡುವಾಗ ನಾವು ನಗುತ್ತಿದ್ದೆವು. ನಗುವವರನ್ನು ಅವರು ಮೊದಲು ಮರಾಠಿಯಲ್ಲಿ ಬೈದು, ಆಮೇಲೆ ಕನ್ನಡದಲ್ಲಿ ಚಹಾಕ್ಕೆ ಕರೆಯುತ್ತಿದ್ದರು.

ಗರಡಿಮನೆಗೆ ನಮ್ಮ ಕಡೆ ತಾಲೀಮು ಅನ್ನುತ್ತಾರೆ, ಅಲ್ಲಿ ಕುಸ್ತಿ ಕಲಿಸುವ ಗುರುವಿಗೆ ವಸ್ತಾದ. ಅಂಕಲಿಯಲ್ಲಿ ನಮ್ಮ ಓಣಿಯ ತಾಲೀಮಿಗೆ ಅವರು ವಸ್ತಾದರು, ನನಗೆ ಕಾಕಾ. ಚಿಕ್ಕೋಡಿಯ ಕಾಲೇಜು ಸೇರಿ ನಾನು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತರತೊಡಗಿದ ಮೇಲೆ ನಾನು ಅವರಿಗೆ ವಕೀಲಬಾಯಿ ಆದೆ.

ಬೆಳಗಾಗುವ ಮೊದಲೇ ಎದ್ದು ಅಖಾಡದ ಕೆಂಪು ಮಣ್ಣನ್ನು ತಾವೇ ಅಗೆದು ಸಡಿಲ ಮಾಡುತ್ತಿದ್ದರು. ಆ ಕೆಲಸ ಹುಡುಗರಿಗೆ ಬಿಡುತ್ತಿರಲಿಲ್ಲ. ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿದ ಆ ವಾಸನೆ ನಮ್ಮ ಮನೆಯ ಕಿಟಕಿಯವರೆಗೂ ಬರುತ್ತಿತ್ತು. ಈಗಲೂ ಯಾರ ಮನೆಯಲ್ಲಾದರೂ ಮಜ್ಜಿಗೆಗೆ ಅರಿಶಿನ ಹಾಕಿದರೆ ನನಗೆ ಅಡುಗೆ ನೆನಪಾಗುವುದಿಲ್ಲ, ಬೈಠಕ್ ಹೊಡೆಯುವ ಹುಡುಗರಿಗೆ ಅವರು ಮರಾಠಿಯಲ್ಲಿ ಎಣಿಕೆ ಹೇಳುವ ಆ ಒಡಕು ದನಿ ನೆನಪಾಗುತ್ತದೆ. ‘ಉಸುರು ಮೊದಲ, ಕೈ ಆಮ್ಯಾಲೆ’ ಎಂಬುದು ಅವರ ಮಾತು. ಕುಸ್ತಿಗೂ ಅದನ್ನೇ ಹೇಳುತ್ತಿದ್ದರು, ಬಸ್ಸು ಹತ್ತುವವರಿಗೂ ಅದನ್ನೇ.

ತಾಲೀಮಿನ ಹೊರಗೆ ಕಟ್ಟೆಯ ಮುಂದೆ ಒಂದು ಕರಿಯ ಗುಂಡುಕಲ್ಲು ಇತ್ತು. ಅದಕ್ಕೆ ಹಿರಿಗುಂಡು ಅನ್ನುತ್ತಿದ್ದರು. ಪಂಚಮಿಯ ದಿನ ಹೆಣ್ಣುಮಕ್ಕಳು ಜೋಕಾಲಿ ಆಡುವ ಹೊತ್ತಿಗೆ ಗಂಡುಹುಡುಗರು ಅದನ್ನು ಎತ್ತಲು ಹೆಣಗುತ್ತಿದ್ದರು. ಮೊಣಕಾಲಿನವರೆಗೆ ತಂದವರು ಹಲವರಿದ್ದರು. ಭುಜಕ್ಕೆ ಏರಿಸಿದವರು ಊರಿನ ನೆನಪಿನಲ್ಲಿ ಕಾಕಾ ಒಬ್ಬರೇ. ‘ಎರಡು ಚೀಲದ ಗುಂಡು ಎತ್ತಿದಾವ’ ಎಂಬುದು ಅವರಿಗೆ ಅಪ್ಪ ಅವ್ವ ಇಟ್ಟ ಹೆಸರಿಗಿಂತ ದೊಡ್ಡ ಹೆಸರು. ಎರಡು ಚೀಲ ಜೋಳ ಅಂದರೆ ಎರಡು ಕ್ವಿಂಟಲ್. ರಾಯಬಾಗಕ್ಕೆ ಹೋದರೂ ಮಂಗಸೂಳಿಗೆ ಹೋದರೂ ಆ ಹೆಸರಿನ ಮೇಲೆ ಅವರಿಗೆ ಕುರ್ಚಿ ಸಿಗುತ್ತಿತ್ತು.

ಯಾರು ತೂಗಿದ್ದರು? ಯಾರೂ ಇಲ್ಲ. ಗುಂಡಿಗೆ ತಕ್ಕಡಿ ತೋರಿಸಬಾರದು, ತೋರಿಸಿದರೆ ಅದರ ಸತ್ವ ಹೋಗುತ್ತದೆ ಎಂಬುದು ತಾಲೀಮಿನ ಪದ್ಧತಿ. ಇಂಥದ್ದು ಕೇಳಿದರೆ ನನ್ನ ನಾಲಿಗೆ ತುರಿಸುತ್ತದೆ. ಕಬ್ಬಿನ ಗಾಡಿಯನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ ಒಂದೊಂದು ಕಿಲೊಗೂ ತಕರಾರು ತೆಗೆಯುವ ಊರು, ಈ ಒಂದು ಕಲ್ಲಿನ ತೂಕವನ್ನು ಮಾತ್ರ ಕೇಳದೆ ಒಪ್ಪಿಕೊಂಡಿತ್ತು.

ನನ್ನ ತಂಗಿ ಕಬಡ್ಡಿ ಆಡುವವಳು, ಹೊಲದಲ್ಲಿ ಕಬ್ಬಿನ ಹೊರೆಯನ್ನು ಒಬ್ಬಳೇ ಎತ್ತಿ ತಲೆಗೆ ಏರಿಸಿಕೊಳ್ಳುವವಳು. ಒಂದು ಸಂಜೆ ಅವಳು ಹಿರಿಗುಂಡಿಗೆ ಕೈ ಹಾಕಿದಳು. ಅದು ಅಲುಗಲಿಲ್ಲ. ಕಟ್ಟೆಯ ಮೇಲಿನ ಹುಡುಗರು ನಕ್ಕರು. ಕಾಕಾ ನಗಲಿಲ್ಲ. ನಗುವವರಲ್ಲಿ ಅದನ್ನು ಅಲುಗಿಸಿದವರು ಯಾರು ಅಂತ ಕೇಳಿ ಬಾಯಿ ಮುಚ್ಚಿಸಿದರು.

ಮರುದಿನ ನಾನು ಮೊಬೈಲಿನಲ್ಲಿ ಅವರಿಗೆ ಒಂದು ವಿಡಿಯೊ ತೋರಿಸಿದೆ. ಸ್ಕಾಟ್ಲೆಂಡಿನ ಊರುಗಳಲ್ಲಿ ಬೇಸಿಗೆಯಲ್ಲಿ ನಡೆಯುವ ಬಲದ ಆಟಗಳು. ಕಲ್ಲು ಎಸೆಯುತ್ತಾರೆ, ಹಿಡಿಕೆಯಿರುವ ಕಬ್ಬಿಣದ ಗುಂಡು ಬೀಸಿ ಒಗೆಯುತ್ತಾರೆ. ಕಾಕಾ ಮೊದಲು ಕಂಡದ್ದು ಬಟ್ಟೆಯನ್ನು.

“ಗಂಡಸರು ಲಂಗಾ ಹಾಕ್ಯಾರಲ್ಲವ್ವಾ.”

ಆಮೇಲೆ ಒಬ್ಬ ಹೆಂಗಸು ಗಿರಗಿರ ತಿರುಗಿ ಗುಂಡು ಒಗೆದಳು. ಅವಳ ಹಿಂದೆ ಬಿಳಿಗಡ್ಡದ ಒಬ್ಬ ಮುದುಕ ಬಂದ. ಕಾಕಾ ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಆ ಮುದುಕ ಒಗೆದದ್ದು ಹುಡುಗರ ತೂಕವೇ ಏನು ಅಂತ ಕೇಳಿದರು. ಅಲ್ಲ ಅಂದೆ. ಆ ದೊಡ್ಡ ಕಬ್ಬಿಣದ ಗುಂಡು ಹೆಂಗಸರಿಗೆ ಗಂಡಸರದ ಅರ್ಧ. ಗಂಡಸರಿಗೂ ಸಾಮಾನ್ಯವಾಗಿ ಐವತ್ತು ದಾಟಿದರೆ ಮುಕ್ಕಾಲು, ಅರವತ್ತು ದಾಟಿದರೆ ಅರ್ಧ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಅಂದರ ಅಲ್ಲಿ ನಾನು, ನಿನ್ನ ತಂಗಿ, ಇಬ್ಬರೂ ಒಂದೇ ತೂಕಕ್ಕ ನಿಂದರತೀವಿ.”

ಅವರಿಗೆ ಆಗ ಅರವತ್ತೈದರ ಆಚೆ. ನಮ್ಮ ತಾಲೀಮಿನಲ್ಲಿ ಹಿರಿಗುಂಡು ಎತ್ತಲಾಗದ ವಯಸ್ಸಿಗೆ ಬಂದವರು ಕಟ್ಟೆ ಹತ್ತಿ ಕೂಡುತ್ತಾರೆ, ಮತ್ತೆ ಇಳಿಯುವುದಿಲ್ಲ. ಕಾಕಾ ಕೂಡ ಕಲ್ಲು ಮುಟ್ಟಿ ಬಹಳ ವರ್ಷವಾಗಿತ್ತು. ವಿಡಿಯೊವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿ, ನಮ್ಮಲ್ಲೂ ಒಂದು ಅರ್ಧ ಗುಂಡು ಇರಬೇಕು ಅಂದರು.

ನಾನು ಒಪ್ಪಲಿಲ್ಲ. ಹಗುರ ಕಲ್ಲು ಕೊಡುವುದೆಂದರೆ ಹಗುರ ಮರ್ಯಾದೆ ಕೊಟ್ಟ ಹಾಗೆ ಅಂದೆ. ಎತ್ತಿದರೆ ಎಲ್ಲರಿಗೂ ಒಂದೇ ಕಲ್ಲು, ಇಲ್ಲವಾದರೆ ಆಟವೇ ಬೇಡ ಅಂದೆ. ಅವರು ಬಸಿಗೆ ಸುರುವಿದ ಚಹಾ ಊದುತ್ತ ನನ್ನ ವಾದವನ್ನು ಪೂರ್ತಿ ಕೇಳಿದರು.

“ನೀ ಹೈಸ್ಕೂಲಿನಾಗ ಭಾಷಣ ಮಾಡಿ ಕಪ್ ತಂದಿ ನೋಡು, ಅವತ್ತ ಕಾಲೇಜಿನ ಹುಡುಗೂರನ್ನೂ ನಿನ್ನ ಎದುರು ನಿಂದರಿಸಿದ್ರೇನು?”

“ಇಲ್ರಿ. ಹೈಸ್ಕೂಲಿಗೆ ಬ್ಯಾರೆ ಸ್ಪರ್ಧಾ ಇತ್ತು.”

“ಮತ್ತ ಆ ಕಪ್ ಯಾಕ ಹೊಳ್ಳಿ ಕೊಡಲಿಲ್ಲ, ಅಪಮಾನ ಅಂತ?”

ಆ ಸುತ್ತು ಅವರದೇ. ಆದರೆ ಚರ್ಚೆಯಲ್ಲಿ ಒಂದು ಸುತ್ತು ಹೋದರೆ ಇನ್ನೊಂದಿರುತ್ತದೆ. ಆಯಿತು, ಅರ್ಧ ಗುಂಡು ಕಟೆಸಿರಿ ಅಂದೆ. ಯಾವುದರ ಅರ್ಧ? ಎರಡು ಚೀಲ ಅಂತ ಹೇಳುತ್ತೀರಿ, ತೂಗಿದ್ದು ಯಾರು? ಗೊತ್ತಿಲ್ಲದ್ದರ ಅರ್ಧ ಎಷ್ಟು?

ಅವರು ಬಸಿ ಕೆಳಗಿಟ್ಟು ಹಿರಿಗುಂಡನ್ನೇ ನೋಡುತ್ತ ಕೂತರು. ಎರಡು ದಿನ ಬಿಟ್ಟು, ಕಲ್ಲು ತೂಗಿಸುತ್ತೇನೆ ಅಂದರು.

ತಾಲೀಮಿನವರಿಗೆ ಅದು ಹಿಡಿಸಲಿಲ್ಲ. ಕಾಕಾನ ಹಳೆಯ ಕುಸ್ತಿಯ ಜೋಡಿ, ಈಗ ಹಾಲಿನ ಡೇರಿ ನಡೆಸುವ ಗೆಳೆಯರೊಬ್ಬರು, ಎಲ್ಲರ ಪರವಾಗಿ ಬಂದರು. ಪದ್ಧತಿ ಮುರಿಯುವ ಮಾತನ್ನು ಅವರು ಎತ್ತಲೇ ಇಲ್ಲ, ನೇರ ಹೆಸರಿಗೇ ಬಂದರು.

“ತೂಕ ಹೆಚ್ಚ ಬಂತಂದ್ರ ಯಾರೂ ನಂಬೂದಿಲ್ಲ, ಕಾಟಾನ ಕೆಟ್ಟೈತಿ ಅಂತಾರ. ಕಡಿಮಿ ಬಂತಂದ್ರ ಎಲ್ಲಾರೂ ನಂಬತಾರ. ನಿನಗ್ಯಾಕ ಬೇಕಲೇ ಈ ಉಸಾಬರಿ?”

ಅಂಥ ಚೊಕ್ಕ ವಾದವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ. ಕಾಕಾ ಹೇಳಿದ್ದು ಇಷ್ಟೇ: ಅಂದಾಜಿನ ಮೇಲೆ ಕಲ್ಲು ಕಟೆಸಿದರೆ ನಾಳೆ ಆ ಹುಡುಗಿ ಎತ್ತಿದ್ದಕ್ಕೂ ಅಂದಾಜಿನ ಬೆಲೆಯೇ ಬರುತ್ತದೆ.

ಹಿರಿಗುಂಡನ್ನು ನಾಲ್ವರು ಸೇರಿ ಟ್ರ್ಯಾಕ್ಟರಿಗೆ ಹಾಕಿ ಗೊಬ್ಬರದ ಗೋದಾಮಿಗೆ ಒಯ್ದರು. ಚೀಲ ತೂಗುವ ಅಲ್ಲಿಯ ಕಾಟಾದ ಮೇಲೆ ಉರುಳಿಸಿದರು. ಕೆಂಪು ಅಂಕಿಗಳು ಮೇಲೆ ಕೆಳಗೆ ಕುಣಿದು ನಿಂತವು. ನೂರಾ ಹನ್ನೆರಡು ಕಿಲೊ. ಕಾಕಾ, ಕಲ್ಲು ಇಳಿಸಿ ಇನ್ನೊಮ್ಮೆ ತೂಗಿರಿ ಅಂದರು. ಅಷ್ಟೇ ಬಂತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಕಾಕಾನ ಮುಖ ನೋಡಿದೆ. ಸೋತ ಪೈಲವಾನ ಎದ್ದು ಮೈಯ ಮಣ್ಣು ಒರೆಸಿಕೊಳ್ಳುವಾಗ ಹೇಗಿರುತ್ತದೋ ಹಾಗಿತ್ತು. ಅಲ್ಲೇ ನಿಂತು, ಜೊತೆಗೆ ಕರೆತಂದಿದ್ದ ಕಲ್ಲುಕುಟಿಗನಿಗೆ, ಐವತ್ತಾರು ಕಿಲೊದ ಒಂದು ಗುಂಡು ಬೇಕು, ಇದೇ ಕಾಟಾದ ಮೇಲೆ ತೂಗಿ ತಗೋತೀನಿ ಅಂದರು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ‘ಒಂದು ಚೀಲದ ವಸ್ತಾದ’ ಅಂತ ಹೊಸ ಹೆಸರು ಹುಟ್ಟಿತು. ಚಹಾದಂಗಡಿಯಲ್ಲಿ ಅದು ಅವರ ಕಿವಿಗೂ ಬಿತ್ತು. ಅವತ್ತಿನಿಂದ ಅವರು ಆ ಅಂಗಡಿಗೆ ಹೋಗುವುದನ್ನು ಬಿಟ್ಟರು. ಕಾಕೂ, ಅಂದರೆ ಅವರ ಹೆಂಡತಿ, ಮನೆಯಲ್ಲೇ ಎರಡು ಹೊತ್ತು ಚಹಾ ಮಾಡತೊಡಗಿದರು. ವಿಷಯ ಎತ್ತಲಿಲ್ಲ.

ಪಂಚಮಿ ಬಂತು. ಹೊಸ ಗುಂಡು ಹಿರಿಗುಂಡಿನ ಪಕ್ಕ ಕೂತಿತ್ತು. ಕಟ್ಟೆಯ ಹುಡುಗರು ಆಗಲೇ ಅದಕ್ಕೆ ಹೆಂಗಸರ ಗುಂಡು ಅಂತ ಹೆಸರಿಟ್ಟಾಗಿತ್ತು. ಕಾಕಾ ಕಟ್ಟೆಯ ಮೇಲಿನ ಹಿರಿಯರಿಗೆ, ಅರವತ್ತು ದಾಟಿದವರು ಇಳಿದು ಬರ್ರಿ ಅಂತ ಕರೆದರು. ಯಾರೂ ಇಳಿಯಲಿಲ್ಲ. ಹೆಣ್ಣುಮಕ್ಕಳು ಜೋಕಾಲಿ ನಿಲ್ಲಿಸಿ ನೋಡುತ್ತಿದ್ದರು.

“ಹೆಂಗಸರ ಗುಂಡು ಎತ್ತಾಂವೇನು?” ಅಂತ ಡೇರಿಯವರು ಕೇಳಿದರು.

“ಹೌದು. ನನ್ನ ವಯಸ್ಸಿಂದೂ ಅದೇ ಐತಿ.”

ಅಂಗಿ ಕಳಚಿ ಕಾಕೂನ ಕೈಗೆ ಕೊಟ್ಟರು. ಬಗ್ಗಿ ಕಲ್ಲನ್ನು ತಬ್ಬಿ, ಮೊಣಕಾಲ ಮೇಲೆ ಕೂಡಿಸಿಕೊಂಡು ಉಸಿರು ಹಿಡಿದರು. ತೊಡೆ ನಡುಗಿದ್ದು ದೂರದಿಂದಲೇ ಕಾಣುತ್ತಿತ್ತು. ಕಲ್ಲು ಒಮ್ಮೆ ಎದೆಯಿಂದ ಜಾರಿ ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ. ಎರಡನೆಯ ಸಲ ಅದು ಅವರ ಭುಜದ ಮೇಲೆ ಕೂತಿತು. ಅವರು ನೆಟ್ಟಗೆ ನಿಂತು, ಮೆಲ್ಲಗೆ ಒಂದು ಸುತ್ತು ತಿರುಗಿ, ಕಲ್ಲು ಇಳಿಸಿ ನನ್ನ ತಂಗಿಯನ್ನು ಕರೆದರು. ಅವಳೂ ಎತ್ತಿದಳು. ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು ಮೊಣಕಾಲಿನವರೆಗೆ ತಂದರು. ನಾನೂ ಕೈ ಹಾಕಿದೆ, ನೆಲದಿಂದ ಒಂದು ಗೇಣೂ ಏಳಲಿಲ್ಲ. “ವಕೀಲಬಾಯಿ, ಇದು ಮಾತಿಗೆ ಬಗ್ಗೂದಲ್ಲ” ಅಂತ ಕಾಕಾ ನಕ್ಕರು. ಆ ಹೊತ್ತಿಗೆ ಡೇರಿಯವರು ಕಟ್ಟೆ ಇಳಿದು ಧೋತರ ಬಿಗಿಯುತ್ತಿದ್ದರು.

ಆಮೇಲಿನ ಎರಡು ಪಂಚಮಿಗಳಲ್ಲೂ ಕಾಕಾ ಎತ್ತಿದರು. ಮೂರನೆಯದಕ್ಕೆ ಅವರು ಇರಲಿಲ್ಲ. ಆ ಬೇಸಿಗೆಯಲ್ಲಿ, ಅಖಾಡದ ಮಣ್ಣು ಅಗೆದು ಬಂದು ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ.

ಮೂರನೆಯ ದಿನ ಅವರ ಮನೆಯ ಮುಂದೆ ಜನ ಸೇರಿದ್ದರು. ನಿಪ್ಪಾಣಿ, ಅಥಣಿ, ಕಾಗವಾಡದಿಂದ ಹಳೆಯ ಪೈಲವಾನರು ಬಂದಿದ್ದರು. ಡೇರಿಯವರು ಎದ್ದು ನಿಂತು ಕಾಕಾನ ಬಗ್ಗೆ ನಾಲ್ಕು ಮಾತಾಡಿದರು. ಪರ ಊರಿನವರ ಮುಂದೆ ಗೆಳೆಯನ ಹೆಸರು ಸಣ್ಣದಾಗಬಾರದು ಅನಿಸಿರಬೇಕು. ಎರಡು ಚೀಲದ ಗುಂಡು ಎತ್ತಿದ ಮನುಷ್ಯ ಅಂದರು. ಪೈಲವಾನರು ತಲೆದೂಗಿದರು.

“ನೂರಾ ಹನ್ನೆರಡು ಕಿಲೊರಿ” ಅಂದೆ ನಾನು.

ಅವ್ವ ನನ್ನ ತೋಳು ಚಿವುಟಿದಳು. ಸತ್ತ ಮನೆಯಲ್ಲೂ ವಾದವೇ ಅಂತ ಹಿಂದಿನಿಂದ ಯಾರೋ ಗೊಣಗಿದರು. ನಾನು ತಲೆ ತಗ್ಗಿಸಲಿಲ್ಲ. ಎಷ್ಟೋ ವೇದಿಕೆಗಳ ಮೇಲೆ ಸಾಕ್ಷಿ ಎಲ್ಲಿ ಅಂತ ಕೇಳಿದ್ದೇನೆ. ತನ್ನ ಹೆಸರನ್ನೇ ಕಾಟಾದ ಮೇಲೆ ಇಟ್ಟು ಉತ್ತರ ಕೊಟ್ಟವರು ಅವರೊಬ್ಬರೇ. ಆ ಉತ್ತರವನ್ನು ಅವರಿಲ್ಲದಾಗ ಹಿಂದಕ್ಕೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಒಳಗೆ ಹೊಸ್ತಿಲ ಹತ್ತಿರ ಕೂತಿದ್ದ ಕಾಕೂ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಡೇರಿಯವರ ಕಡೆ ತಿರುಗಿದರು.

“ತೂಗಿದ್ದನ್ನ ಹೇಳ್ರಿ” ಅಂದರು.

ಡೇರಿಯವರು ಟವೆಲಿನಿಂದ ಮುಖ ಒರೆಸಿಕೊಂಡು, ಮೊದಲಿನಿಂದ ಶುರು ಮಾಡಿದರು. ನೂರಾ ಹನ್ನೆರಡು ಕಿಲೊದ ಗುಂಡು ಎತ್ತಿದ ಮನುಷ್ಯ, ಮುದುಕನಾದ ಮೇಲೆ ಐವತ್ತಾರು ಕಿಲೊದ್ದು.