ಸುಗ್ರಾ ಬೀ ಹೊಡೆದ ಮೊಳೆ

ಸೊರಬದ ಸಂತೆಮಾಳದ ಹಿಂದೆ, ಹೊಂಗೆ ಮರದ ಬುಡದಲ್ಲಿ, ಸುಗ್ರಾ ಬೀ ಇಪ್ಪತ್ತಾರು ವರ್ಷಗಳಿಂದ ಎತ್ತುಗಳನ್ನು ನೆಲಕ್ಕೆ ಕೆಡವುತ್ತಿದ್ದಾಳೆ. ಕೆಡವುವುದೆಂದರೆ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಕೆಡವುವುದೇ. ಕೊಂಬಿಗೆ ಹಗ್ಗ ಬಿಗಿದು, ಎದೆಗೊಂದು ಹೊಟ್ಟೆಗೊಂದು ಸುತ್ತು ಹಾಕಿ ಹಿಂದಿನಿಂದ ಜಗ್ಗಿದರೆ, ನಾಲ್ಕೈದು ಕ್ವಿಂಟಲ್ ತೂಕದ ಪ್ರಾಣಿ ಧೊಪ್ಪೆಂದು ಮಗ್ಗುಲಿಗೆ ಬೀಳುತ್ತದೆ. ಬಿದ್ದ ಕೂಡಲೇ ಒಬ್ಬರು ಅದರ ಕತ್ತಿನ ಮೇಲೆ ಕೂರಬೇಕು. ಇನ್ನೊಬ್ಬರು ನಾಲ್ಕೂ ಕಾಲು ಒಟ್ಟು ಮಾಡಿ ಕಟ್ಟಿ, ಗೊರಸು ಕೆತ್ತಿ, ಲಾಳ ಇಟ್ಟು ಮೊಳೆ ಹೊಡೆಯಬೇಕು. ಎತ್ತು ಬುಸುಗುಡುತ್ತದೆ, ಸಗಣಿ ಹಾಕುತ್ತದೆ, ಕಟ್ಟು ಸಡಿಲವಾದರೆ ಒದೆಯುತ್ತದೆ. ಸುಗ್ರಾ ಬೀಗೆ ಮುಂದಿನ ಎರಡು ಹಲ್ಲಿಲ್ಲ, ಎಡಗೈಯ ಕಿರುಬೆರಳು ಮಡಚುವುದಿಲ್ಲ. ಎರಡೂ ಎತ್ತುಗಳು ಕೊಟ್ಟ ಬಹುಮಾನ.

ಅವಳು ಶಿಕಾರಿಪುರದಲ್ಲಿ ಹಾಸಿಗೆ ಹೊಲಿಯುವವರ ಮಗಳು. ಹತ್ತಿ ಬಿಟ್ಟರೆ ಬೇರೇನೂ ಮುಟ್ಟಿ ಗೊತ್ತಿಲ್ಲದ ಹುಡುಗಿ ಲಾಳದ ಮಸ್ತಾನ್ ಸಾಬನನ್ನು ಮದುವೆಯಾಗಿ ಸೊರಬಕ್ಕೆ ಬಂದಳು. ಮೊದಲು ಗಂಡನಿಗೆ ಚಹಾ ತರುತ್ತಿದ್ದಳು. ಆಳು ಬಿಟ್ಟುಹೋದ ಮೇಲೆ ಎತ್ತಿನ ಕತ್ತಿನ ಮೇಲೆ ಕೂರತೊಡಗಿದಳು. ಒಂದು ಎತ್ತು ಒದ್ದು ಮಸ್ತಾನ್ ಸಾಬನ ಬಲಗೈ ಮಣಿಕಟ್ಟು ಮುರಿದ ವರ್ಷ ಸುತ್ತಿಗೆ ಅವಳ ಕೈಗೆ ಬಂತು. ಮತ್ತೆ ಅವನ ಕೈಗೆ ಹೋಗಲಿಲ್ಲ. ಅವನು ಹಗ್ಗ ಹಿಡಿದ, ಅವಳು ಮೊಳೆ ಹೊಡೆದಳು. ಹೆಂಗಸು ಲಾಳ ಹೊಡೆಯುವುದೇ ಎಂದು ಮೂಗು ಮುರಿದವರೆಲ್ಲ ಎರಡೇ ವರ್ಷದಲ್ಲಿ ತಮ್ಮ ಎತ್ತು ಹೊಡೆದುಕೊಂಡು ಬಂದರು. ಬರದೆ ಎಲ್ಲಿ ಹೋಗುತ್ತಾರೆ?

ಸೊರಬದ ಯಾವ ಬೀದಿಯ ತುದಿಯಲ್ಲಿ ನಿಂತರೂ ಎದುರಿಗೆ ಒಂದು ಗುಡ್ಡ ಅಡ್ಡ ಬರುತ್ತದೆ. ಗುಡ್ಡ ಹತ್ತಿಳಿಯುವ ಜಲ್ಲಿ ದಾರಿಯಲ್ಲಿ ಲಾಳವಿಲ್ಲದ ಎತ್ತು ಎರಡು ದಿನ ನಡೆಯಲಾರದು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದವು, ಲಾಳ ಹೊಡೆಯುವವರು ಅದಕ್ಕಿಂತ ಬೇಗ ಕಡಿಮೆಯಾದರು. ಈಗ ಈ ಗುಡ್ಡಗಳ ನಡುವೆ ಉಳಿದಿರುವುದು ಆ ಹೊಂಗೆ ಮರದ ಬುಡವೊಂದೇ. ಇಂಥ ಊರಿನ ಸುಖವೂ ಅದೇ, ಕರ್ಮವೂ ಅದೇ. ಯಾರ ಮೇಲೆ ಎಷ್ಟೇ ಹಗೆ ಇರಲಿ, ಔಷಧಿ ಅಂಗಡಿಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಅವರ ಮುಖ ನೋಡಲೇಬೇಕು.

ಸುಗ್ರಾ ಬೀಗೆ ಕೋಪ ಮೂಗಿನ ತುದಿಯಲ್ಲೇ. ಮನೆಮಾತು ಉರ್ದುವಾದರೂ ಎತ್ತುಗಳನ್ನು ಬೈಯುವುದು ಕನ್ನಡದಲ್ಲೇ, ಅವಕ್ಕೆ ತಿಳಿಯುವುದು ಅದೊಂದೇ ಎಂದು ಅವಳ ನಂಬಿಕೆ. ಗಂಡನನ್ನೂ ಕನ್ನಡದಲ್ಲೇ ಬೈಯುತ್ತಿದ್ದಳು. ಅದಕ್ಕೆ ಕಾರಣ ಕೇಳಿದರೆ ಮಸ್ತಾನ್ ಸಾಬ್, "ನಾನೂ ಅವಳ ಎತ್ತೇ ಅಲ್ಲೇನ್ರಿ" ಎಂದು ನಗುತ್ತಿದ್ದ.

ಅವನು ಹೆಂಡತಿಗೆ ಕಲಿಸಿದ ಮುಖ್ಯ ಪಾಠ ಒಂದೇ. ಮೊಳೆ ಗೊರಸಿನ ಗಟ್ಟಿ ಗೋಡೆಯಲ್ಲೇ ಹೋಗಿ ಹೊರಗೆ ಬರಬೇಕು. ಜೋಳದ ಕಾಳಿನಷ್ಟು ಒಳಗೆ ಸರಿದರೂ ಒಳಗಿನ ಜೀವವಿರುವ ಮಾಂಸಕ್ಕೆ ತಾಗುತ್ತದೆ, ಪ್ರಾಣಿ ಬೆಚ್ಚುತ್ತದೆ. ಬೆಚ್ಚಿದರೆ ಕೂಡಲೇ ಮೊಳೆ ಕಿತ್ತು ತುದಿ ನೋಡಬೇಕು. ಒದ್ದೆ ಇದ್ದರೆ ಆ ತೂತಿಗೆ ಅರಿಶಿನದೆಣ್ಣೆ ಬಿಟ್ಟು, ಮತ್ತೆ ಮುಟ್ಟಬಾರದು. ನೋಡದೆ ಬಿಟ್ಟರೆ ಒಳಗೇ ಕೀವಾಗಿ ಪ್ರಾಣಿ ನೋವಿಗೆ ಹುಚ್ಚೇಳುತ್ತದೆ.

ಕಳೆದ ದೀಪಾವಳಿಗೆ ನಾಲ್ಕು ದಿನ ಮುಂಚೆ ಉಳವಿ ಕಡೆಯ ಈಶ್ವರನ ಹೋರಿ ಮರದ ಬುಡಕ್ಕೆ ಬಂತು. ಸಿಡಿಲಮರಿ ಎಂದು ಅದರ ಹೆಸರು. ಹಬ್ಬದ ಮರುದಿನದಿಂದ ಈ ಸೀಮೆಯಲ್ಲೆಲ್ಲ ಹೋರಿ ಓಡಿಸುತ್ತಾರೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ, ಕಿತ್ತವನು ಗಂಡಸು, ಕೀಳಲು ಬಿಡದ್ದು ಹೋರಿ. ಸಿಡಿಲಮರಿ ಆರು ವರ್ಷದಿಂದ ಯಾರಿಗೂ ಒಂದು ಚೂರು ಕೊಬ್ಬರಿ ಕೊಟ್ಟಿರಲಿಲ್ಲ. ಯಾರ ಮೈಗೂ ಕೊಂಬು ತಾಗಿಸಿರಲಿಲ್ಲ. ಗೆರೆ ಎಳೆದಂತೆ ನೇರ ಓಡುವ ಹೋರಿ ಎಂದೇ ಹೆಸರು. ಆ ದಿನ ಅದನ್ನು ಹೊಡೆದುಕೊಂಡು ಬಂದವನು ಈಶ್ವರನ ಆಳು ಹೂವಪ್ಪ. ಕೆಡವಿ ಕಟ್ಟಿಕೊಟ್ಟು ಅವನು ಬೀಡಿ ಸೇದಲು ಹೋದ.

ಕತ್ತಿನ ಮೇಲೆ ಕೂತಿದ್ದ ಮಸ್ತಾನ್ ಸಾಬ್ ಅದರ ಗಂಗೆದೊಗಲು ಸವರುತ್ತಾ, "ಪಾಡ್ಯದ ದಿನ ಇದರ ಓಟ ನೋಡಾಕೆ ಹೋಕ್ಕೀನಿ" ಎಂದ.

"ಅರವತ್ತೆರಡಾತು. ಮೊಣಕಾಲು ಹಿಡ್ಕೊಂಡೈತೆ. ಮೈಮೇಲೆ ಬಂದ್ರೆ ಓಡಾಕೆ ಆಕ್ಕೈತಾ?" ಎಂದಳು ಸುಗ್ರಾ ಬೀ.

"ಬೇಲಿ ಹಿಂದೆ ನಿಂತ್ಕೊಂತೀನಿ ಮಾರಾಯ್ತಿ."

"ಹೋದ ವರ್ಷನೂ ಹಿಂಗೇ ಅಂದು ಕಾಲು ಉಳುಕಿಸ್ಕೊಂಡು ಬಂದ್ರಿ. ಎಣ್ಣೆ ತಿಕ್ಕಿದ್ದು ಯಾರು? ನಿಮ್ಮ ಹೋರಿನಾ?"

ಅವನು ನಕ್ಕ. ಆ ನಗು ಅವಳಿಗೆ ಉರಿ ಹತ್ತಿಸಿತು. ಮುಂದಿನ ಬಲಗಾಲಿನ ಕೊನೆಯ ಮೊಳೆಯ ಮೇಲೆ ಸುತ್ತಿಗೆ ಬೀಸಿದಳು. ಹೋರಿಯ ಇಡೀ ಕಾಲು ಜಗ್ಗಿ ಬಂತು.

"ಬೆಚ್ಚಿತಲ್ಲೇ. ಕಿತ್ತು ನೋಡು" ಎಂದ ಮಸ್ತಾನ್ ಸಾಬ್.

"ನಂಗೇನೂ ಕಲಿಸ್ಬ್ಯಾಡ್ರಿ! ಹೋಗ್ರಿ, ಅದರ ಕಾಲಡಿ ಬಿದ್ದು ಸಾಯ್ರಿ!" ಎಂದು ಕಿರುಚಿ, ಇನ್ನೆರಡು ಏಟು ಹಾಕಿ, ಹೊರಬಂದ ತುದಿಯನ್ನು ತನ್ನ ರೂಢಿಯಂತೆ ಎಡಕ್ಕೆ ಮಡಚಿ ಅರ ತಿಕ್ಕಿಬಿಟ್ಟಳು.

ಪಾಡ್ಯದ ದಿನ ಸಿಡಿಲಮರಿ ನೇರ ಓಡಲಿಲ್ಲ. ಅರ್ಧ ದಾರಿಯಲ್ಲಿ ಮುಗ್ಗರಿಸಿ ಎಡಕ್ಕೆ ವಾಲಿತು, ಬಿದಿರಿನ ಬೇಲಿ ಮುರಿದು ಜನರ ಮೇಲೆ ನುಗ್ಗಿತು. ಪ್ರಾಯದವರು ಹಾರಿ ತಪ್ಪಿಸಿಕೊಂಡರು. ಮಸ್ತಾನ್ ಸಾಬನ ಮೊಣಕಾಲು ಏಳಲಿಲ್ಲ. ಕೊಂಬು ಪಕ್ಕೆಲುಬಿನ ಕೆಳಗೆ ಹೊಕ್ಕಿತು. ಹೋರಿ ಅವನನ್ನು ಎತ್ತಿ ಎಸೆದು, ಬಿದ್ದವನ ಎದೆ ತುಳಿದುಕೊಂಡೇ ಹೋಯಿತು. ಆಸ್ಪತ್ರೆಯ ದಾರಿಯಲ್ಲೇ ಉಸಿರು ನಿಂತಿತು. ಹತ್ತಾರು ಜನ ಫೋನಿನಲ್ಲಿ ವಿಡಿಯೋ ಹಿಡಿದಿದ್ದರು. ಸುಗ್ರಾ ಬೀ ಅದನ್ನು ಒಮ್ಮೆ ನೋಡಿದಳು. ಮಗ ರಿಹಾನ್ ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ.

ರಿಹಾನ್ ಶಿಕಾರಿಪುರದಲ್ಲಿ ವೆಲ್ಡಿಂಗ್ ಕೆಲಸದವನು, ಮೂವತ್ತರ ಹತ್ತಿರದವನು, ಕೋಪದಲ್ಲಿ ತಾಯಿಯ ಮಗನೇ. ಮಣ್ಣು ಮಾಡಿದ ಮೂರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಈಶ್ವರ ಕಣ್ಣಿಗೆ ಬಿದ್ದ. ರಿಹಾನ್ ಕೈಯಲ್ಲಿದ್ದ ಸ್ಪ್ಯಾನರ್‌ನಿಂದಲೇ ಅವನ ತಲೆ ಒಡೆದ. ಬಿದ್ದವನ ಹೊಟ್ಟೆಗೆ ಒದ್ದ. ನಾಲ್ವರು ಹಿಡಿದು ಎಳೆಯಬೇಕಾಯಿತು. ಈಶ್ವರನಿಗೆ ಒಂಬತ್ತು ಹೊಲಿಗೆ ಬಿದ್ದವು. ಅವನು ದೂರು ಕೊಡಲಿಲ್ಲ, ಅದೂ ರಿಹಾನನಿಗೆ ಸಿಟ್ಟು ತರಿಸಿತು.

"ಹೋರಿಗೆ ಕತ್ತಿ ಹಾಕ್ತೀನಿ ಅಮ್ಮಿ" ಎಂದು ಅವನು ಬಂದಾಗಲೆಲ್ಲ ಹಲ್ಲು ಕಡಿಯುತ್ತಿದ್ದ.

ಸುಗ್ರಾ ಬೀ ಇದ್ದತ್ ಹಿಡಿದಿದ್ದಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ಇಷ್ಟು ದಿನ ಸುತ್ತಿಗೆ ಹಿಡಿಯದ ಕೈ ನಿದ್ದೆಯಲ್ಲೂ ಮುಷ್ಟಿ ಕಟ್ಟುತ್ತಿತ್ತು. ತಾನು ಬೈದ ಬೈಗುಳ ಒಂದಕ್ಷರ ಬಿಡದೆ ನೆನಪಿತ್ತು. ಹೋರಿ ಬೆಚ್ಚಿದ್ದು ಮಾತ್ರ ನೆನಪೇ ಆಗಲಿಲ್ಲ. ಬೈಗುಳದ ಸಂಕಟ ತಡೆಯಲಾರದೆ ಅದನ್ನೆಲ್ಲ ಹೋರಿಯ ಮೇಲೆ ತಿರುಗಿಸಿದಳು.

"ಕತ್ತಿ ಬ್ಯಾಡ" ಎಂದಳು ಮಗನಿಗೆ. "ಈ ಗುಡ್ಡ ದಾಟಿ ಎಲ್ಲಿಗೆ ಹೋಕ್ಕೈತೆ ಅದು? ನನ್ನ ಹತ್ರಕ್ಕೇ ಬರ್ತೈತೆ. ಜೋಳದ ಕಾಳಿನಷ್ಟು ಒಳಗೆ ಒಂದು ಮೊಳೆ. ನಿಂತಲ್ಲೇ ಕೊಳೀಬೇಕು."

ಇದ್ದತ್ ಮುಗಿದ ಮೂರನೇ ಸಂತೆಗೆ ಅದು ಬಂದೇಬಿಟ್ಟಿತು. ಬಿಸಿಲು ಚುರುಗುಡುತ್ತಿತ್ತು. ಹಗ್ಗ ಹಿಡಿಯಲು ರಿಹಾನ್ ಬಂದಿದ್ದ. ಈಶ್ವರ ತಾನೇ ಹಿಡಿದು ತಂದಿದ್ದ, ಹಣೆಯ ಮೇಲೆ ಹೊಲಿಗೆಯ ಗುರುತಿತ್ತು. ಸಿಡಿಲಮರಿ ಮೈ ಇಳಿದುಹೋಗಿ, ಮುಂದಿನ ಬಲಗಾಲು ಎತ್ತಿಕೊಂಡು ಮೂರು ಕಾಲಿನಲ್ಲಿ ಬರುತ್ತಿತ್ತು.

"ಬೀ, ಬ್ಯಾರೆ ಎಲ್ಲಿಗೆ ಹೋಗ್ಲಿ?" ಎಂದ ಈಶ್ವರ, ದೂರದಲ್ಲೇ ನಿಂತು. "ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಕೊಟ್ಟು ಸಾಕಾತು ಅಂದ್ರು. ಕಾಲು ಮುಟ್ಟಾಕೆ ಹೋದ್ರೆ ಕೊಂಬು ಬೀಸ್ತೈತೆ. ಮೂರು ಕಾಲಿನ ಲಾಳ ಬಿದ್ದು ಹೋದ್ವು, ಇದೊಂದು ಬಿದ್ದಿಲ್ಲ. ನೀವು ಬ್ಯಾಡ ಅಂದ್ರೆ ಹೋಕ್ಕೀನಿ."

"ತರ್ರಿ" ಎಂದಳು ಸುಗ್ರಾ ಬೀ. ಒಂದು ಕಾಲು ಕುಂಟಿದ್ದು ಅವಳಿಗೆ ಸಾಲದು. ಇನ್ನೂ ಮೂರಿದ್ದವು.

ಆ ದಿನ ಅವಳು ಕೆಡವಿದಂತೆ ಯಾವ ಎತ್ತನ್ನೂ ಕೆಡವಿರಲಿಲ್ಲ. ಹಗ್ಗ ಜಗ್ಗಿದ ರಭಸಕ್ಕೆ ಹೋರಿಯ ದವಡೆ ನೆಲಕ್ಕೆ ಬಡಿದು ನಾಲಿಗೆಯಿಂದ ರಕ್ತ ಬಂತು. ರಿಹಾನ್ ಮಂಡಿಯಿಂದ ಅದರ ಗಂಟಲು ಅದುಮಿ ಕೂತ. ಅವಳು ಕಾಲುಗಳನ್ನು ಚರ್ಮ ಕಿತ್ತುಬರುವಂತೆ ಬಿಗಿದಳು. ಈಶ್ವರ "ಬೀ, ಸ್ವಲ್ಪ..." ಎಂದವನು ರಿಹಾನನ ಕಣ್ಣು ನೋಡಿ ಎರಡು ಹೆಜ್ಜೆ ಹಿಂದಿಟ್ಟ. ಮೊದಲೇ ಆರಿಸಿಟ್ಟಿದ್ದ ಎಲ್ಲಕ್ಕಿಂತ ಉದ್ದದ ಮೊಳೆಯನ್ನು ಅವಳು ತುಟಿಗಳ ನಡುವೆ ಇಟ್ಟುಕೊಂಡಳು.

ಮೇಲೆ ಇದ್ದದ್ದು ಬಲಗಾಲು. ಮೊದಲು ಹಳೆಯ ಲಾಳ ತೆಗೆಯಬೇಕು. ಚಿಮಟ ಹಾಕಿ ಎಳೆದಳು, ಮೂರು ಮೊಳೆ ಸುಲಭವಾಗಿ ಬಂದವು. ಕೊನೆಯದು ಬರಲಿಲ್ಲ. ಕಾಲಿಗೆ ಕಾಲು ಕೊಟ್ಟು ಎರಡೂ ಕೈಯಿಂದ ಜಗ್ಗಿದಳು. ಮೊಳೆಯ ಹಿಂದೆಯೇ ಕಪ್ಪು ಕೀವು ಚಿಮ್ಮಿ ಅವಳ ಕೆನ್ನೆಗೂ ದುಪಟ್ಟಾಕ್ಕೂ ಬಿತ್ತು. ಹೋರಿ ಸಂತೆಯೆಲ್ಲ ತಿರುಗಿ ನೋಡುವಂತೆ ಅರಚಿತು. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟು, ಮೈ ಸಡಿಲಿಸಿ ಮಲಗಿತು.

ಸುಗ್ರಾ ಬೀ ಮೊಳೆ ನೋಡಿದಳು. ತುದಿಯನ್ನು ಎಡಕ್ಕೆ ಮಡಚಿ ಅರ ತಿಕ್ಕಿತ್ತು. ಹಾಗೆ ಎಡಕ್ಕೆ ಮಡಚುವವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

"ಯಾವಾಗಿಂದ ಕುಂಟ್ತೈತೆ?" ಎಂದು ಕೇಳಿದಳು. ಬಾಯಲ್ಲಿದ್ದ ಮೊಳೆ ಕೆಳಗೆ ಬಿತ್ತು.

"ದೀಪಾವಳಿಗೆ ಇಲ್ಲಿ ಹೊಡೆಸಿದ ಮರುದಿನದಿಂದ. ಹೊಸ ಲಾಳ, ಸರಿ ಹೋಕ್ಕೈತೆ ಅಂದ್ಕೊಂಡು ಓಡಿಸಿದೆ."

"ಎಲಾ ಸೂ..." ರಿಹಾನ್ ಚಂಗನೆ ಎದ್ದ. "ಅಪ್ಪನ್ನ ಕೊಂದು ಈಗ ನಮ್ಮ ಮೇಲೇ ಹಾಕ್ತೀಯಾ? ಬ್ಯಾರೆ ಎಲ್ಲೋ ಹೊಡೆಸಿದ ಮೊಳೆ ಇದು!" ಗೊರಸು ಮೀಟುವ ಕಬ್ಬಿಣದ ಹಾರೆ ಅವನ ಕೈಯಲ್ಲಿತ್ತು. ಈಶ್ವರ ಹಿಂದೆ ಸರಿಯುತ್ತಾ ಹೊಂಗೆಯ ಬೇರಿಗೆ ಎಡವಿ ಬಿದ್ದ, ಎರಡೂ ಕೈ ತಲೆಯ ಹೊಲಿಗೆಗೆ ಅಡ್ಡ ಹಿಡಿದ. ಹಾರೆ ಮೇಲೇರಿತು.

ಸುಮ್ಮನಿದ್ದರೆ ಸಾಕಿತ್ತು. ಮೊಳೆಯನ್ನು ಮಣ್ಣಿಗೆ ತುಳಿದುಬಿಟ್ಟಿದ್ದರೆ ಕೇಳುವವರೇ ಇರಲಿಲ್ಲ. ಒಂದು ಗಳಿಗೆ ಅವಳಿಗೆ ಆ ಆಸೆಯೂ ಬಂತು, ಸುಳ್ಳೇಕೆ.

"ರಿಹಾನ್! ಮೊಳೆ ನಂದು!"

ಹಾರೆ ಅಲ್ಲೇ ನಿಂತಿತು.

"ನಾನೇ ಹೊಡೆದಿದ್ದು. ಹೋರಿ ಬೆಚ್ಚಿತು. ಕಿತ್ತು ನೋಡು ಅಂದ್ರು ನಿಮ್ಮಪ್ಪ. ನಾನು ನೋಡಲಿಲ್ಲ. ಇದರ ಕಾಲಡಿ ಬಿದ್ದು ಸಾಯ್ರಿ ಅಂದೆ." ಕೀವು ಮೆತ್ತಿದ ಮೊಳೆಯನ್ನು ಅವನ ಮುಂದೆ ಹಿಡಿದಳು. "ಅಂದಿದ್ದಷ್ಟೇ ಅಲ್ಲ ಮಗಾ. ಮಾಡಿಯೂ ಇಟ್ಟೆ."

ರಿಹಾನ್ ತಾಯಿಯನ್ನು ನೋಡಿದ. ಮೊಳೆ ನೋಡಿದ. ಹಾರೆಯನ್ನು ಮರಕ್ಕೆ ಬೀಸಿ ಹೊಡೆದ, ತೊಗಟೆ ಹಾರಿತು. ಮತ್ತೆ ಹೊಡೆದ, ಮತ್ತೆ ಹೊಡೆದ, ಕೈ ಒಡೆದು ರಕ್ತ ಬರುವವರೆಗೂ ಹೊಡೆದ. ಆಮೇಲೆ ಹಾರೆ ಎಸೆದು, ತಾಯಿಯ ಕಡೆ ತಿರುಗಿಯೂ ನೋಡದೆ ಬೈಕ್ ಹತ್ತಿ ಶಿಕಾರಿಪುರದ ರಸ್ತೆ ಹಿಡಿದ.

ಸುಗ್ರಾ ಬೀ ಗಾಯ ತೊಳೆದಳು. ಅರಿಶಿನದೆಣ್ಣೆ ತುಂಬಿ ಬಟ್ಟೆ ಕಟ್ಟಿ ಹಗ್ಗ ಬಿಚ್ಚಿದಳು. ಎದ್ದ ಸಿಡಿಲಮರಿ ಬಲಗಾಲನ್ನು ಮೆಲ್ಲಗೆ ನೆಲಕ್ಕೆ ಊರಿತು. ಎತ್ತಲಿಲ್ಲ. ಈಶ್ವರ ಅದರ ಮೂಗುದಾರ ಹಿಡಿದು, "ನಾನು ಯಾರ ಹತ್ರನೂ ಹೇಳಲ್ಲ ಬೀ" ಎಂದ.

"ಹೇಳ್ರಿ" ಎಂದಳು ಅವಳು. "ಪಾಪ, ಐದು ತಿಂಗಳಿಂದ ಅದಕ್ಕೆ ಕೊಲೆಗಡುಕ ಅನ್ನೋ ಹೆಸರು. ಸಂತೇಲಿ ನಿಂತು ಹೇಳ್ರಿ, ಕೊಂದಿದ್ದು ಹೋರಿ ಅಲ್ಲ ಅಂತ."

ಸಂತೆ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಗುಡ್ಡಗಳ ನಡುವಿನ ಊರು, ಮಾತು ಹೋಗುವುದಾದರೂ ಎಲ್ಲಿಗೆ? ಆದರೂ ಮುಂದಿನ ಸಂತೆಗೆ ಗುಡವಿ ಕಡೆಯ ರೈತನೊಬ್ಬ ಒಂಟೆತ್ತು ತಂದು ನಿಲ್ಲಿಸಿ, ಅವಳ ಮುಖ ನೋಡಲಾರದೆ ಸಂತೆಯೊಳಗೆ ಹೋದ. ರಿಹಾನ್ ಬಂದಿರಲಿಲ್ಲ. ಫೋನೂ ಎತ್ತಿರಲಿಲ್ಲ. ಸುಗ್ರಾ ಬೀ ಹಗ್ಗದ ಒಂದು ತುದಿಯನ್ನು ತೊಗಟೆ ಕಿತ್ತ ಹೊಂಗೆಗೆ ಬಿಗಿದು, ಇನ್ನೊಂದನ್ನು ಹೆಗಲಿಗೆ ಸುತ್ತಿ ಒಬ್ಬಳೇ ಜಗ್ಗಿದಳು. ಮೂರನೇ ಸಲಕ್ಕೆ ಎತ್ತು ಬಿತ್ತು, ಅವಳೂ ಅದರ ಜೊತೆ ಬಿದ್ದಳು. ಎದ್ದು ಕಾಲು ಕಟ್ಟಿ, ಗೊರಸು ಕೆತ್ತಿ, ಲಾಳ ಇಟ್ಟು ಮೊದಲ ಮೊಳೆ ಹೊಡೆದಳು. ಎತ್ತು ಅಲುಗಲಿಲ್ಲ, ಬೆಚ್ಚಲಿಲ್ಲ. ಆದರೂ ಚಿಮಟ ಹಾಕಿ ಆ ಮೊಳೆಯನ್ನು ಕಿತ್ತು, ಬಿಸಿಲಿಗೆ ಹಿಡಿದು ತುದಿ ನೋಡಿದಳು.