ಕುರಿಗಳ ಮೇಲೆ ಕೊಡೆ ಬೀಸಿದ ದಿನ

ಹಿರಿಯೂರಿನಿಂದ ಬೆಳಗಿನ ಆರೂವರೆಯ ಬಸ್ಸಿಗೆ ಹೊರಟೆ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಹೊಸದುರ್ಗ, ಹೊಳಲ್ಕೆರೆ ದಾಟಿ ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಚಿಕ್ಕಜಾಜೂರು ಸ್ಟೇಷನ್ ಸೇರಬೇಕಿತ್ತು. ತಂಗಿ ಪಾರ್ವತಿಯ ಗಂಡ ಅಲ್ಲಿ ರೈಲ್ವೆ ಕೆಲಸದಲ್ಲಿದ್ದ. ಅವನಿಗೆ ಮೀರಜಿಗೆ ವರ್ಗವಾಗಿತ್ತು. "ಬುಧವಾರ ಹನ್ನೆರಡೂವರೆ ಗಾಡಿಗೆ ಹೊರಡ್ತೀವಿ. ಸ್ಟೇಷನ್ನಿಗಾದರೂ ಬಂದು ಮುಖ ತೋರಿಸಿ ಹೋಗಣ್ಣ" ಎಂದು ಅವಳು ಕಾರ್ಡು ಬರೆದಿದ್ದಳು.

ಮೂರು ವರ್ಷದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ನನ್ನ ಮಗನ ಮದುವೆಯ ಊಟದಲ್ಲಿ ಅವಳ ಗಂಡ ಸಾರಿಗೆ ಉಪ್ಪು ಕಡಿಮೆ ಎಂದಿದ್ದ, ಅಷ್ಟೇ. ನಾನು ಪಂಕ್ತಿಯಲ್ಲಿ ಕೂತವರೆಲ್ಲರ ಎದುರು ಅವಳಿಗೆ, "ಇನ್ನು ನಮ್ಮನೆ ಹೊಸ್ತಿಲು ತುಳೀಬೇಡ" ಎಂದುಬಿಟ್ಟೆ. ಎಂಥ ಬಾಯಿ ನನ್ನದು! ಅಂದವನು ನಾನು, ಕಾರ್ಡು ಬರೆದವಳು ಅವಳು. ತಪ್ಪಾಯಿತಮ್ಮ ಎಂದು ಎದುರಿಗೆ ನಿಂತು ಹೇಳಬೇಕೆಂದೇ ಹೊರಟಿದ್ದೆ.

ಹೊಸದುರ್ಗದವರೆಗೆ ದಾರಿಯುದ್ದಕ್ಕೂ ಧೂಳು. ನನ್ನ ಪಕ್ಕದ ಕಿಟಕಿಗೆ ಗಾಜಿರಲಿಲ್ಲ. ಇಳಿದು ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ. ಚಟ್ನಿ ಚೆನ್ನಾಗಿತ್ತು. ಕಾಫಿ ತಂದವನ ಕೈ ತಪ್ಪಿ ನನ್ನ ಪಂಚೆಯ ಮೇಲೆ ನಾಲ್ಕು ಹನಿ ಚೆಲ್ಲಿತು. "ಕಣ್ಣು ಎಲ್ಲಿಟ್ಟಿದೀಯಲೇ?" ಎಂದು ಕೂಗಾಡಿದೆ. ನನ್ನ ವಾರಿಗೆಯ ಮನುಷ್ಯ ಅವನು. "ತಪ್ಪಾತು ಬಿಡ್ರಿ, ಇನ್ನೊಂದು ತರ್ತೀನಿ" ಎಂದು ಬಿಸಿ ಬಿಸಿ ಕಾಫಿ ತಂದಿಟ್ಟ. ಹಟಕ್ಕೆ ಬಿದ್ದು ಅದನ್ನು ಮುಟ್ಟದೆ ಎದ್ದು ಬಂದೆ. ಹೊಳಲ್ಕೆರೆ ಬಸ್ಸು ಹತ್ತುವಾಗ ತಲೆ ಸಿಡಿಯುತ್ತಿತ್ತು.

ಹೊಳಲ್ಕೆರೆ ಇನ್ನು ನಾಲ್ಕೈದು ಮೈಲಿ ಇರುವಾಗ ಕುರಿ ಮಂದೆ ಅಡ್ಡ ಬಂತು. ನಮ್ಮ ಕಡೆಯ ಡ್ರೈವರುಗಳು ಇಂಥ ಹೊತ್ತಿನಲ್ಲಿ ಹಾರನ್ ಒತ್ತುವುದಿಲ್ಲ, ಇಂಜಿನ್ ಆರಿಸಿ ಬೀಡಿ ಹಚ್ಚುತ್ತಾರೆ. ಒಂದು ಮಂದೆ ರಸ್ತೆ ದಾಟುತ್ತಿತ್ತು. ಬೇರೆಯವರದೊಂದು ಮಂದೆ ಆಚೆ ಬದಿಯ ಬಯಲಲ್ಲಿ ಮೇಯುತ್ತಿತ್ತು. ಕಂಬಳಿ ಹೊದ್ದ ಮುದುಕ ಕುರಿಗಾರ, "ಹತ್ತು ನಿಮಿಷ ಸಾಮಿ, ದಾಟಿಸ್ಬಿಡ್ತೀನಿ" ಎಂದ.

ಹತ್ತು ನಿಮಿಷ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಸ್ಸಿನಿಂದ ಧುಮುಕಿದೆ. ಕಪ್ಪು ಕೊಡೆಯನ್ನು ಫಟ್ಟನೆ ಬಿಚ್ಚಿ, "ಹೋಯ್ ಹೋಯ್" ಎಂದು ಬೀಸುತ್ತ ಮಂದೆಯ ನಡುವೆಯೇ ನುಗ್ಗಿದೆ. ಕುರಿಗಳು ಬೆದರಿ ಆಚೆಯ ಮಂದೆಯೊಳಗೆ ಹಾರಿದವು. ಅದೂ ಬೆದರಿ ರಸ್ತೆಗೆ ಬಂತು. ಎರಡೂ ಬೆರೆತುಹೋದವು. ಮರಿಗಳು ತಾಯಿಗಳನ್ನು ಹುಡುಕುತ್ತ ಬಸ್ಸಿನ ಗಾಲಿಗಳ ಸಂದಿಗೆ ಸೇರಿಕೊಂಡವು.

"ಇನ್ನು ಅವು ಬ್ಯಾರೆ ಆಗಾತನಕ ಗಾಡಿ ಹೊಂಡಲ್ಲ" ಎಂದು ಡ್ರೈವರು ಕೆಳಗಿಳಿದ. ಬಸ್ಸಿನವರೆಲ್ಲ ನನಗೆ ಉಗಿಯತೊಡಗಿದರು. ಅವರನ್ನು ಸುಮ್ಮನಾಗಿಸಿದವನು ಆ ಮುದುಕನೇ. "ಬೈಬ್ಯಾಡ್ರಿ. ಪಾಪ, ಅವರಿಗೇನು ಅವಸ್ರ ಐತೋ."

ಬೆನ್ನಿಗೆ ಕೆಂಪು ಬಣ್ಣ ಬಳಿದ ಕುರಿಗಳು ಮುದುಕನವು, ಕಿವಿ ಸೀಳಿದ ಗುರುತಿನವು ಆಚೆಯ ಮಂದೆಯವರವು. ಒಂದೊಂದನ್ನೇ ಹಿಡಿದು ಬೇರೆ ಮಾಡಿದರು. ನಾನು ಜಾಲಿಯ ನೆರಳಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಮುದುಕ ಹತ್ತಿರ ಬಂದಾಗ ತಡೆಯಲಾರದೆ ಕೇಳಿದೆ, "ನನ್ನ ಮೇಲೆ ಸಿಟ್ಟು ಬರಲಿಲ್ವೇನಪ್ಪ?"

"ಯಾಕ್ ಬರಲ್ಲ ಸಾಮಿ? ಬಂತು. ನಾನೂ ಬಾಯಿ ಮಾಡಿದ್ರೆ ಉಳಿದವೂ ಓಡಿ ಹೋಗ್ತಿದ್ವು. ಮೊದ್ಲು ಕುರಿ, ಆಮ್ಯಾಲೆ ಸಿಟ್ಟು ಅಂದ್ಕಂಡೆ. ಕುಂತ್ಕಳ್ರಿ, ಬಿಸ್ಲೈತೆ."

ಅವನು ಬೈದಿದ್ದರೆ ವಾಸಿ ಇತ್ತು. ತಿರುಗಿ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಒಂದೂಕಾಲು ಗಂಟೆ ಹಾಗೇ ನಿಂತಿದ್ದೆ.

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಚಿಕ್ಕಜಾಜೂರಿನಲ್ಲಿ ಇಳಿದಾಗ ಒಂದು ಗಂಟೆ ದಾಟಿತ್ತು. ಪ್ಲಾಟ್‌ಫಾರಂ ಖಾಲಿ. ಹಸಿರು ಬಾವುಟ ಸುತ್ತಿಡುತ್ತಿದ್ದ ರೈಲ್ವೆ ನೌಕರನೊಬ್ಬ ನನ್ನನ್ನು ನೋಡಿ, "ಪಾರ್ವತಕ್ಕನ ಅಣ್ಣಾರೇನ್ರಿ? ಗಾಡಿ ಹೋತಲ್ರಿ. ಸೀಟಿ ಊದೋಗಂಟ ಅವ್ರು ಹತ್ಲೇ ಇಲ್ಲ, ಗೇಟು ನೋಡ್ತಾ ನಿಂತಿದ್ರು. ಯಾಕ್ರಿ ತಡ ಆತು?" ಎಂದ.

"ದಾರೀಲಿ ಕುರಿ ಅಡ್ಡ ಬಂದ್ವು" ಎಂದೆ.

ಅವನ ಮುಖ ಅರಳಿತು. "ಹೌದೇನ್ರಿ? ಹಂಗಾರೆ ಪಾಪ, ಅಕ್ಕ ಸುಮ್ನೆ ನೊಂದ್ಕಂಡು ಹೋದ್ರು. 'ಬಂದೇ ಬರ್ತಾನೆ, ಆದ್ರೆ ದಾರೀಲಿ ಯಾರ ಜತೆಗೋ ಜಗಳಕ್ಕೆ ನಿಂತಿರ್ತಾನೆ' ಅಂದ್ರು. ನಾನು ಕಾಗದ ಹಾಕ್ತೀನಿ ಬಿಡ್ರಿ, ಜಗಳ ಅಲ್ಲ, ಕುರಿ ಅಂತ."

ಹಳಿಯ ಮೇಲೆ ಬಿಸಿಲು ಕುಣಿಯುತ್ತಿತ್ತು. ಹೂಂ ಅಂದರೆ ಮುಗಿದುಹೋಗುತ್ತಿತ್ತು.

"ಬೇಡಪ್ಪ" ಎಂದೆ. "ಅವಳು ಹೇಳಿದ್ದೇ ನಿಜ."