ಸ್ಟೇಷಾ ಮನೆಯ ಬೋರ್ಡು

ವಾಟರ್‌ಫರ್ಡ್ ಪಟ್ಟಣದ ಹಡಗುಕಟ್ಟೆಯ ಎದುರಿಗಿದ್ದ ಮೂರಂತಸ್ತಿನ ಕಿರುಮನೆಯಲ್ಲಿ ಸ್ಟೇಷಾ ಕರ್ವಿಕ್ ಊರಿಗೆ ಬಂದವರಿಗೆ ಕೋಣೆ ಕೊಡುತ್ತಿದ್ದಳು. ಬೆಳಿಗ್ಗೆ ತಿಂಡಿಗೆ ಹಿಟ್ಟು ಉದುರುವ ಬ್ಲಾ ಬನ್ನು, ಹುರಿದ ಹಂದಿಮಾಂಸ. ಊರಲ್ಲಿ ಅವಳು ಹೆಸರುವಾಸಿಯಾದದ್ದು ಮಾತ್ರ ಕೋಣೆ ಕೊಡದೆ ಇದ್ದುದಕ್ಕೆ. ಬಾಗಿಲಿಗೆ ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡುವಳು, ನಾಲ್ಕು ಮಾತಾಡಿಸುವಳು. ತನ್ನ ಮನೆ ಅವರಿಗೆ ಹೊಂದದು ಅನಿಸಿದರೆ ಅವರ ಚೀಲವನ್ನು ತಾನೇ ಎತ್ತಿಕೊಂಡು, ಹೊಂದುವ ಮನೆಗೆ ಬಿಟ್ಟು ಬರುವಳು. ಆ ಬೀದಿಯಲ್ಲಿ ಕೋಣೆ ಕೊಡುವ ಹೆಂಗಸರೆಲ್ಲ ತಮ್ಮ ಮನೆ ತುಂಬಿದಾಗ ಹೀಗೆ ಮಾಡುವುದಿತ್ತು. ಸ್ಟೇಷಾ ಕೋಣೆ ಖಾಲಿಯಿದ್ದರೂ ಮಾಡುತ್ತಿದ್ದಳು. ಇದಕ್ಕೆ ಏನಾದರೂ ಅನ್ನಿ, ನಾನಂತೂ ದೊಡ್ಡತನ ಅನ್ನುತ್ತೇನೆ.

"ನಿನ್ನ ಮನೇಲಿ ಮಲಗ್ಬೇಕಂದ್ರೆ ಪರೀಕ್ಷೆ ಪಾಸಾಗ್ಬೇಕಂತಲ್ಲೇ ಸ್ಟೇಷಾ," ಎಂದು ಬ್ರೆಡ್ಡಿನಂಗಡಿಯ ನೆಡ್ ಕಾಲೆಳೆಯುತ್ತಿದ್ದ.

"ನೀನಾದ್ರೆ ಫೇಲು. ಗೊರಕೆ ಹೊಡೀತೀಯಂತೆ, ನಿನ್ನ ಹೆಂಡ್ತೀನೇ ಹೇಳಿದ್ಲು."

ಕಟ್ಟೆಯ ಆ ತುದಿಗೆ ದೊಡ್ಡ ಹೋಟೆಲು ಎದ್ದ ಮೇಲೆ ಬಾಗಿಲು ತಟ್ಟುವವರು ಕಡಿಮೆಯಾದರು. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಗಳು ಡರ್ವ್ಲಾ ಕಡ್ಡಿ ಮುರಿದಂತೆ ಹೇಳಿದಳು: "ಈ ಶನಿವಾರ ಒಂದಾದ್ರೂ ಕೋಣೆ ತುಂಬ್ಲಿಲ್ಲ ಅಂದ್ರೆ ಬೋರ್ಡು ತೆಗೀತೀನಮ್ಮ."

ಗಂಡ ತೀರಿಕೊಂಡ ವರ್ಷ ಸ್ಟೇಷಾ ತಾನೇ ಬಣ್ಣ ಬಳಿದು, 'ಕೋಣೆ ಇದೆ' ಎಂದು ಬರೆದು ಬಾಗಿಲ ಮೇಲೆ ಹಾಕಿದ ಬೋರ್ಡು ಅದು.

ಶನಿವಾರ ಮಧ್ಯಾಹ್ನ ಗಂಡಹೆಂಡಿರು ಬಂದರು. ಹೆಂಡತಿಯ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಮೂರು ಊರಲ್ಲಿ ತಂಗಿದರೂ ನಿದ್ದೆ ಹತ್ತಲಿಲ್ಲವಂತೆ.

ಸ್ಟೇಷಾ ಅವರ ಚೀಲ ಎತ್ತಿಕೊಂಡಳು. "ಇಲ್ಲಿ ಬೆಳಕಾಗೋ ಮುಂಚೇನೇ ಕಡಲಹಕ್ಕಿ ಕಿರುಚ್ತವೆ ಕಣಮ್ಮ. ಕೆಥೆಡ್ರಲ್ ಚರ್ಚಿನ ಹಿಂದೆ ಫಿಲ್ಲಿ ಗಾಲ್ ಮನೇಲೂ ಕೋಣೆ ಸಿಗುತ್ತೆ, ದಪ್ಪ ಗೋಡೆ. ಬನ್ನಿ, ತೋರಿಸ್ತೀನಿ."

ಅವಳು ಹಿಂದಿರುಗುವಷ್ಟರಲ್ಲಿ ಮಗಳು ಸ್ಟೂಲು ಹತ್ತಿ ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದಳು.

"ಬಂದ ಗಿರಾಕೀನೆಲ್ಲ ಫಿಲ್ಲಿಗೆ ದಾನ ಮಾಡಿದ್ರೆ ನಮ್ಗೇನಮ್ಮ ಉಳೀತು?"

"ಮಾತ್ಯಾಕೆ, ತೆಗಿ." ಸ್ಟೇಷಾ ಮೇಲಿಂದ ಉದುರಿದ ಸ್ಕ್ರೂವನ್ನು ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಊರುಗೋಲು ಹಿಡಿದ ಮುದುಕನೊಬ್ಬ ಏದುಸಿರು ಬಿಡುತ್ತ ನಿಂತ. "ಕೋಣೆ ಇದೆಯೇನಮ್ಮ?"

ಡರ್ವ್ಲಾ ಅವನ ಮಂಡಿ ನೋಡಿದಳು. ಒಳಗೆ ಏಣಿಯಂತೆ ಕಡಿದಾಗಿ ಏರಿದ ಮೆಟ್ಟಿಲು ನೋಡಿದಳು.

"ಇದೆ," ಎಂದಳು ಡರ್ವ್ಲಾ. ಸ್ಟೂಲಿನಿಂದ ಕೆಳಗಿಳಿದಳು. "ಆದ್ರೆ ನಮ್ಮ ಮೆಟ್ಟಿಲು ನಿಮಗಾಗಲ್ಲ ಅಜ್ಜ. ಹಿಂದಿನ ಬೀದಿಯ ಮನೇಲಿ ಕೆಳ ಅಂತಸ್ತಲ್ಲೇ ಕೋಣೆ ಕೊಡ್ತಾರೆ. ಚೀಲ ಇತ್ತ ಕೊಡಿ."

ಹೇಳಿದ ಮೇಲೆ ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಅಮ್ಮನ ಕಡೆ ತಿರುಗಿಯೂ ನೋಡದೆ, ಮುದುಕನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೋದಳು. ಹೊಸ್ತಿಲಲ್ಲಿ ನಿಂತ ಸ್ಟೇಷಾಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ನೋಡಿ, ಅವಳು ನನ್ನ ಮಗಳು ಎಂದು ಇಡೀ ಕಟ್ಟೆಗೆ ಕೂಗಿ ಹೇಳೋಣವೆನಿಸಿತು.

ಡರ್ವ್ಲಾ ಬರಿಗೈಲಿ ಹಿಂದಿರುಗಿ ಸ್ಟೂಲು ಹತ್ತಿದಳು. ಓರೆಯಾಗಿ ಜೋತಿದ್ದ ಬೋರ್ಡನ್ನು ನೆಟ್ಟಗೆ ಹಿಡಿದು ಇನ್ನೊಂದು ಕೈ ಕೆಳಕ್ಕೆ ಚಾಚಿದಳು.

"ಸ್ಕ್ರೂ ಕೊಡಮ್ಮ."